ಹೋದವರ ಹೊಲ

ಹೋದ ತಿಂಗಳು ನಾದಿನಿಯ ಮೊಮ್ಮಗನ ಮುಂಜಿವೆಗೆಂದು ಇಂಡಿಗೆ ಹೋಗಿದ್ದೆ. ಬಸ್ಸಿಳಿದು ಮಾರುಕಟ್ಟೆಯ ಮಗ್ಗುಲಿನಿಂದ ನಡೆದು ಬರುವಾಗ ಒಂದು ಲಾರಿಗೆ ನಿಂಬೆಕಾಯಿಯ ಚೀಲ ಏರಿಸುತ್ತಿದ್ದರು. ಬಿಸಿಲಿಗೆ ಕಾದ ಗೋಣಿ, ಅದರೊಳಗೆ ಎಲ್ಲೋ ಒಂದೆರಡು ಒಡೆದ ಕಾಯಿ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತವು. ಜೊತೆಗಿದ್ದ ನಾದಿನಿಯ ಸೊಸೆ, ಬಿಸಿಲು ಹತ್ತಿತೇ ಎಂದು ಕೇಳಿದಳು. ಇಲ್ಲ ಎಂದೆ. ನನಗೆ ಇಪ್ಪತ್ನಾಲ್ಕು ತುಂಬಿದ್ದಾಗ, ಎಪ್ಪತ್ತೆರಡರ ಬರ ಮುಗಿದು ಮೂರು ಮಳೆಗಾಲ ಕಳೆದಿದ್ದ ಒಂದು ವರ್ಷವನ್ನು ನಾನು ಪೂರ್ತಿ ನಿಂಬೆಕಾಯಿಯ ಚೀಲಗಳ ನಡುವೆ ಕಳೆದಿದ್ದೇನೆ. ಆ ವರ್ಷವಿಡೀ ಆ ವಾಸನೆ ನನಗೆ ಒಮ್ಮೆಯೂ ಬಂದಿರಲಿಲ್ಲ ಎಂಬುದು ಅಲ್ಲಿ ನಿಂತಾಗ ನೆನಪಾಯಿತು.

ಆ ವರ್ಷದ ಆಷಾಢದಲ್ಲಿ ನನ್ನ ಗಂಡ ತೀರಿಕೊಂಡರು. ನಾಲ್ಕು ದಿನದ ಜ್ವರ. ಐದನೆಯ ದಿನ ಬಾಡಿಗೆಯ ಜೀಪಿನಲ್ಲಿ ಬಿಜಾಪುರದ ದವಾಖಾನೆಗೆ ಒಯ್ಯುವಾಗ ನಡುದಾರಿಯಲ್ಲೇ ಹೋದರು. ಇಂಡಿಯ ನಿಂಬೆ ಬೆಳೆಗಾರರು ಸೇರಿ ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘಕ್ಕೆ ಅವರು ಕಾರ್ಯದರ್ಶಿಯಾಗಿದ್ದರು. ಮನೆ ತುಂಬ ಜನ ಬಂದರು, ಅತ್ತರು, ಹೋದರು. ನಾನು ಅಳಲಿಲ್ಲ. ಅಳಬಾರದೆಂದು ಹಟ ಹಿಡಿದವಳಲ್ಲ. ಅಳು ಬರಲಿಲ್ಲ, ಅಷ್ಟೇ. ಅನ್ನಕ್ಕೆ ರುಚಿ ಇರಲಿಲ್ಲ, ನೀರಿಗೆ ತಂಪು ಇರಲಿಲ್ಲ. ಯಾರಾದರೂ ಮಾತಾಡಿಸಿದರೆ ಆ ಮಾತು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ಅತ್ತೆಯವರು ನನ್ನ ಮುಖ ನೋಡಿ ನೋಡಿ ಸಾಕಾಗಿ, ಇಕಿ ಒಳಗ ಕಲ್ಲ ಅದ ಎಂದು ಬಂದವರೆದುರು ಅಂದರು. ನನಗೂ ಹಾಗೇ ಅನಿಸುತ್ತಿತ್ತು. ಅದರಿಂದ ಬೇಸರವೂ ಆಗಲಿಲ್ಲ.

ಹದಿನಾಲ್ಕನೆಯ ದಿನಕ್ಕೋ ಹದಿನೈದನೆಯ ದಿನಕ್ಕೋ ಸಂಘದ ಅಧ್ಯಕ್ಷರಾಗಿದ್ದ ಮಲ್ಲನಗೌಡರು ಮನೆಗೆ ಬಂದರು. ದೊಡ್ಡ ನಿಂಬೆ ತೋಟದವರು, ಆದರೆ ಮಾತು ಕಡಿಮೆ. ಕೈಯಲ್ಲಿ ಒಂದು ಲಕೋಟೆ ಇತ್ತು. ಮೇಲೆ ಮರಾಠಿಯಲ್ಲಿ ನನ್ನ ಗಂಡನ ಹೆಸರು. ಗೌಡರು ಅದನ್ನು ಮಾವನವರ ಮುಂದಿಟ್ಟರು.

"ಮಾಸ್ತರ್ರ, ಕೊಂಕಣದಾಗಿಂದ ಬಂದೈತಿ. ಓದಾವ್ರು ನಮ್ಮಲ್ಲಿ ಯಾರೂ ಇಲ್ಲ. ಜೋಶಿಯವರ ಕುರ್ಚಿ ಹಂಗ ಖಾಲಿ ಐತಿ. ನಿಮ್ಮ ಸೊಸಿ ಬಂದ್ರ ನಮಗ ಛಲೋ ಆಕ್ಕೈತಿ."

ನನ್ನ ತವರು ಗಡಿಯಾಚೆಯ ಮಂಗಳವೇಢೆ. ಮ್ಯಾಟ್ರಿಕ್‌ವರೆಗೆ ಓದಿದ್ದು ಮರಾಠಿ ಸಾಲೆಯಲ್ಲಿ. ಒಳಗಿನಿಂದ ಅತ್ತೆಯವರು, ವರ್ಷ ತುಂಬುವ ತನಕ ಹೊಸ್ತಿಲು ದಾಟುವುದೆಂದರೇನು ಎಂದರು. ಮಾವನವರು ನಿವೃತ್ತ ಶಿಕ್ಷಕರು. ಮಗ ಹೋದ ಮೇಲೆ ಅವರು ಯಾವ ಮಾತನ್ನೂ ಎರಡು ಸಲ ಆಡುತ್ತಿರಲಿಲ್ಲ. "ಮನ್ಯಾಗ ಕೂತು ಏನ ಮಾಡ್ತಾಳ? ಆಕಿ ನನ್ನ ಮುಖ ನೋಡ್ತಾಳ, ನಾ ಆಕಿ ಮುಖ ನೋಡ್ತೇನಿ. ಹೋಗ್ಲಿ," ಅಂದರು. ಮರುದಿನ ನಾನು ಸಂಘದ ಗೋದಾಮಿನ ಮೂಲೆಯಲ್ಲಿದ್ದ ಕುರ್ಚಿಯಲ್ಲಿ ಕೂತೆ.

ಆ ಲಕೋಟೆಯ ಹಿಂದಿನ ಸಂಗತಿ ಇಷ್ಟು. ಆಗ್ಗೆ ನೂರು ವರ್ಷದ ಹಿಂದಿನ ದೊಡ್ಡ ಬರದಲ್ಲಿ ನಮ್ಮ ಕಡೆಯಿಂದ ಗುಳೆ ಎದ್ದ ಎಷ್ಟೋ ಮನೆತನಗಳಲ್ಲಿ ಕೆಲವು ಕೊಂಕಣದ ಒಂದು ಬಂದರಿನ ಊರು ಮುಟ್ಟಿದ್ದವು. ಅಲ್ಲಿ ರಸ್ತೆಗೆ, ಹಡಗು ನಿಲ್ಲುವ ಧಕ್ಕೆಗೆ ಕಲ್ಲು ಒಡೆದು ಬದುಕಿದರು. ಅವರು ನಿಂತ ಓಣಿಗೆ ಊರವರು ಕಾನಡಿ ಆಳಿ ಎಂದು ಹೆಸರಿಟ್ಟರು, ಕನ್ನಡದವರ ಓಣಿ ಎಂದು. ಮೊಮ್ಮಕ್ಕಳ ಕಾಲಕ್ಕೆ ಆ ಓಣಿಯಲ್ಲಿ ಮಾತೆಲ್ಲ ಮರಾಠಿಯಾಗಿತ್ತು. ಆದರೆ ಅಂಗಡಿ, ಖಾನಾವಳಿ, ಉಪ್ಪಿನಕಾಯಿ ಹಾಕಿ ಮಾರುವ ಒಂದು ಕಾರ್ಖಾನೆ ಎಲ್ಲ ಆಗಿದ್ದವು. ಒಬ್ಬ ಲಾರಿ ಡ್ರೈವರ ಇದನ್ನು ನನ್ನ ಗಂಡನಿಗೆ ಹೇಳಿದ್ದನಂತೆ. ನಮ್ಮ ಕಾಯಿ ದಲಾಲಿಗಳ ಕೈಯಿಂದ ಕೈಗೆ ದಾಟಿ ಯಾರ್ಯಾರಿಗೋ ಹೋಗುತ್ತದೆ, ನಮ್ಮವರೇ ಅಲ್ಲಿ ಇನ್ನೆಲ್ಲಿಂದಲೋ ಕಾಯಿ ಕೊಳ್ಳುತ್ತಾರೆ, ನೇರ ಕೊಟ್ಟು ತಗೊಂಡರೆ ಇಬ್ಬರಿಗೂ ಒಳ್ಳೆಯದು ಎಂದು ಇವರಿಗೆ ಅನಿಸಿತು. ತಮಗೆ ತಿಳಿದ ಅರೆಬರೆ ಮರಾಠಿಯಲ್ಲಿ 'ಕಾನಡಿ ಆಳಿಯ ಹಿರಿಯರಿಗೆ' ಎಂದು ಒಂದು ಕಾಗದ ಹಾಕಿದ್ದರು. ಅದರ ಉತ್ತರ ಬರುವಷ್ಟರಲ್ಲಿ ಅವರಿರಲಿಲ್ಲ.

ಉತ್ತರ ಬರೆದವರು ಉಪ್ಪಿನಕಾಯಿ ಕಾರ್ಖಾನೆಯ ಯಜಮಾನರು, ಭೀಮರಾವ್ ಬಾಗೇವಾಡಕರ. ಊರು ಬಿಟ್ಟ ಮೇಲೆ ತಾಲೂಕಿನ ಹೆಸರೇ ಮನೆತನದ ಹೆಸರಾಗಿತ್ತು. ಕಾಗದ ತುಂಬ ಸಂತೋಷ. ನಮ್ಮ ಅಜ್ಜ ಬಾಗೇವಾಡಿ ತಾಲೂಕಿನವರು, ಹಳ್ಳಿ ಯಾವುದು ಗೊತ್ತಿಲ್ಲ, ಡೋಣಿ ಹೊಳೆಯ ದಂಡೆ ಎಂದಷ್ಟೇ ಗೊತ್ತು. ನೂರು ವರ್ಷದ ಮೇಲೆ ಆ ಕಡೆಯಿಂದ ನಮಗೆ ಬಂದ ಮೊದಲ ಕಾಗದ ನಿಮ್ಮದು. ನೀವು ಕ್ಷೇಮವೇ, ಮನೆಯವರು ಕ್ಷೇಮವೇ ಎಂದೆಲ್ಲ ಬರೆದಿದ್ದರು. ನಾನು ಉತ್ತರ ಬರೆದೆ. ಎಷ್ಟು ಕಾಯಿ, ಯಾವ ವಾರ, ಯಾವ ಲಾರಿ ಎಂದು ತಿಳಿಸಿ, ಇಲ್ಲಿ ಎಲ್ಲರೂ ಕ್ಷೇಮ ಎಂದು ಸೇರಿಸಿ, ಕೆಳಗೆ 'ಜೋಶಿ, ಕಾರ್ಯದರ್ಶಿ' ಎಂದು ರುಜು ಹಾಕಿದೆ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಮೊದಲ ಕಾಗದದಲ್ಲಿ ಆ ಸುದ್ದಿ ಎಲ್ಲಿ ಬರೆಯುವುದು, ನಿಂಬೆಕಾಯಿಯ ಲೆಕ್ಕದ ಮೊದಲೋ ಆಮೇಲೋ ತಿಳಿಯಲಿಲ್ಲ. ಎರಡನೆಯದರಲ್ಲಿ ಬರೆಯಲು ತಡವಾಗಿ ಹೋಗಿತ್ತು. ಹಾಗೆ ಆರು ಕಾಗದ ಬರೆದೆ. ಆರರಲ್ಲೂ ಎಲ್ಲರೂ ಕ್ಷೇಮ.

ಭಾದ್ರಪದದಲ್ಲಿ ಮೊದಲ ಲಾರಿ ಹೊರಟಿತು. ಸಾವಿರ ಕಾಯಿಯ ಒಂದು ಚೀಲಕ್ಕೆ ನಮ್ಮ ಕಡೆ ಡಾಗ ಎನ್ನುತ್ತಾರೆ. ಅಂಥ ಡಾಗಗಳನ್ನು ನಾಲ್ಕು ದಿನ ಆರಿಸಿ, ಹೊಲಿದು, ಏರಿಸಿದರು. ಘಟ್ಟದಲ್ಲಿ ಮಳೆ ಹಿಡಿದು ಗುಡ್ಡ ಕುಸಿದು ದಾರಿ ಬಂದಾಯಿತು. ಲಾರಿ ಮೂರು ದಿನ ಅಲ್ಲೇ ನಿಂತಿತು. ಮುಟ್ಟುವಷ್ಟರಲ್ಲಿ ಅರ್ಧದಷ್ಟು ಕಾಯಿ ಕೊಳೆತಿದ್ದವು. ಸುದ್ದಿ ತಿಳಿದ ದಿನ ಸಂಘದಲ್ಲಿ ಬೆಳೆಗಾರರು ಸೇರಿ, ಹಳೆಯ ದಲಾಲಿಗಳೇ ವಾಸಿ, ಇದನ್ನು ಇಲ್ಲಿಗೇ ಬಿಡೋಣ ಎಂದರು. ಗೌಡರು ಯಾರ ಮುಖವನ್ನೂ ನೋಡದೆ ಕೂತಿದ್ದರು. ಅಷ್ಟು ಜನ ಬೆಳೆದ ಮಾಲು, ನನ್ನ ಗಂಡ ನೆಟ್ಟ ಕೆಲಸ. ನನಗೆ ಎದೆ ಒಡೆಯಬೇಕಿತ್ತು. ಜನ ಕೂಗಾಡುವಾಗ ನಾನು ಗೋಡೆಯ ಮೇಲೆ ಹರಿಯುತ್ತಿದ್ದ ಇರುವೆಯ ಸಾಲನ್ನು ನೋಡುತ್ತಿದ್ದೆ.

ನಾಲ್ಕು ದಿನಕ್ಕೆ ಭೀಮರಾಯರ ಕಾಗದ ಬಂತು. ಉಳಿದ ಅರ್ಧಕ್ಕೆ ಉಪ್ಪು ಹಾಕಿದ್ದೇವೆ, ಕೊಳೆತದ್ದರಲ್ಲಿ ಅರ್ಧ ನಷ್ಟ ನಮ್ಮದು, ಮಳೆ ನಿಂತ ಮೇಲೆ ಎರಡನೆಯ ಲಾರಿ ಕಳಿಸಿರಿ, ದಸರೆ ಮುಗಿದ ಕೂಡಲೇ ನಾನೇ ಬರುತ್ತೇನೆ, ಜೋಶಿ ಸಾಹೇಬರನ್ನು ಕಣ್ಣಾರೆ ಕಾಣುವ ಆಸೆಯಿದೆ ಎಂದಿತ್ತು. ಅದನ್ನು ಗೌಡರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕೊನೆಯ ಸಾಲನ್ನು ಬಿಟ್ಟು ಓದಿದೆ.

ಅವರು ಬಂದರು. ನಲವತ್ತೈದರ ಆಚೀಚಿನ ಮನುಷ್ಯ, ಬಿಳಿಯ ಟೊಪ್ಪಿಗೆ, ಕೈಯಲ್ಲಿ ಉಪ್ಪಿನಕಾಯಿಯ ಎರಡು ಭರಣಿ. ಬಸ್ ನಿಲ್ದಾಣಕ್ಕೆ ನಾನೂ ಮಾವನವರೂ ಹೋಗಿದ್ದೆವು. ಮಾವನವರ ಕಾಲು ಮುಟ್ಟಿ ನಮಸ್ಕರಿಸಿ, ಜೋಶಿ ಸಾಹೇಬರು ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ಮಾವನವರು ನನ್ನ ಕಡೆ ನೋಡಿದರು. ಕಾಗದ ಬರೆದವಳು ನಾನು, ಅವರು ಆಷಾಢದಲ್ಲಿ ತೀರಿಕೊಂಡರು ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮನೆಗೆ ಬಂದವರೆಲ್ಲ ತಿಳಿದೇ ಬಂದಿದ್ದರು, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಬಸ್ಸು ಹೊರಡುವ ಹೊತ್ತು ಹೇಳಿದಷ್ಟು ಸುಲಭವಾಗಿ ಹೇಳಿದೆ. ಭೀಮರಾಯರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಆರು ಕಾಗದದ ಮಾತು ಎತ್ತಲಿಲ್ಲ, ಆಗಲೂ, ಮುಂದೆಯೂ.

ಮರುದಿನ ಗೌಡರ ಜೀಪಿನಲ್ಲಿ ಹೊರಟೆವು: ಗೌಡರು, ಭೀಮರಾಯರು, ಮಾವನವರು, ನಾನು. ಜೀಪು ಎಂದಾಗ ಮಾವನವರು, ಬೇಡವಾದರೆ ನೀನು ಬರಬೇಡ ಎಂದಿದ್ದರು. ನಾನು ಹತ್ತಿ ಕೂತೆ. ಸಿಂದಗಿಯಲ್ಲಿ ಬೆಳೆಗಾರರು ಒಂದು ಮಾವಿನ ಮರದ ಕೆಳಗೆ ಸೇರಿದ್ದರು. ಭೀಮರಾಯರು ಎದ್ದು ನಿಂತು, ದಾರಿಯುದ್ದಕ್ಕೂ ನನ್ನಿಂದ ಕಲಿತ ಒಂದು ಮಾತನ್ನು ಹೇಳಿದರು: "ನಾ ನಿಮ್ಮಾಂವ." ಜನ ನಕ್ಕರು, ಕುಹಕದ ನಗೆಯಲ್ಲ. ಮುಂದಿನದನ್ನು ಅವರು ಮರಾಠಿಯಲ್ಲಿ ಹೇಳಿದರು, ನಾನು ಕನ್ನಡ ಮಾಡಿದೆ. ನಿಮ್ಮ ಕಾಯಿ, ಜೋಳ ನಮ್ಮಲ್ಲಿಗೆ ಬರಲಿ. ನಮ್ಮ ತೆಂಗಿನಕಾಯಿ, ನಾರಿನ ಕಾಥಿಹಗ್ಗ ನಿಮ್ಮಲ್ಲಿಗೆ ಬರಲಿ. ಖಾಲಿ ಲಾರಿ ಯಾವ ಕಡೆಗೂ ಓಡುವುದು ಬೇಡ ಎಂದು. ಅಲ್ಲಿಯೂ ಕೊಳೆತ ಕಾಯಿಯ ಮಾತು ಬಂತು. ಅರ್ಧ ನಷ್ಟ ತಾವು ಹೊತ್ತದ್ದನ್ನು ಅವರು ಹೇಳಲಿಲ್ಲ, ಗೌಡರು ಹೇಳಿದರು. ಆ ಮೇಲೆ ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋಗಿ, ಜೋಳದ ವ್ಯವಹಾರ ಕೇಳಲು ಮಾರುಕಟ್ಟೆಯ ಅಂಗಳದಲ್ಲಿ ಇಳಿದೆವು. ತೂಕ ಮಾಡುವ ಒಬ್ಬ ಮುದುಕ ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದ. ಡೋಣಿ ದಂಡೆಯ ಇಂಥ ಊರಲ್ಲಿ 'ಹೋದವರ ಹೊಲ' ಎಂದು ಒಂದು ಹೊಲವಿದೆ, ಬರದಲ್ಲಿ ಊರು ಬಿಟ್ಟವರದು ಎಂದು ಹಿರಿಯರು ಹೇಳುತ್ತಿದ್ದರು, ಅಲ್ಲಿ ಬೆಳೆದ ಜೋಳ ತನ್ನ ಕೈಯಲ್ಲೇ ಎಷ್ಟೋ ಸಲ ತೂಗಿಸಿಕೊಂಡು ಹೋಗಿದೆ ಎಂದ. ನಾನು ಅದನ್ನು ಮರಾಠಿ ಮಾಡಿ ಹೇಳಿದಾಗ ಭೀಮರಾಯರು ಅಲ್ಲೇ ಒಂದು ಚೀಲದ ಮೇಲೆ ಕೂತುಬಿಟ್ಟರು. ಅವರ ಅಜ್ಜ ಹತ್ತು ಹನ್ನೆರಡು ವರ್ಷದ ಹುಡುಗನಾಗಿ ಹೊರಟವನಂತೆ. ಹೊಳೆಯ ತಿರುವಿನಲ್ಲಿ ಹೊಲ, ಹೊಲದ ಬದುವಿನಲ್ಲಿ ಒಂಟಿ ಬನ್ನಿಮರ ಎಂದು ಹೇಳುತ್ತಿದ್ದನಂತೆ. ಬನ್ನಿಮರ ಇದೆಯೇ ಎಂದು ಕೇಳಿಸಿದರು. ಐತ್ರಿ ಎಂದ ಮುದುಕ.

ಆ ಊರು ಬಾಗೇವಾಡಿಗೆ ಹೋಗುವ ದಾರಿ ಬಿಟ್ಟು ಒಳಗೆ. ಹೊಲವನ್ನು ಉಳುತ್ತಿದ್ದವರು ಸಂಗಪ್ಪ ಎಂಬವರು, ಅರವತ್ತರ ಮೇಲಿನವರು. ಕಟ್ಟೆಯ ಮೇಲೆ ಕಂಬಳಿ ಹಾಸಿದರು, ನೀರು ಬೆಲ್ಲ ಕೊಟ್ಟರು. ಬಂದವರು ಯಾರು ಎಂದು ತಿಳಿದ ಕೂಡಲೇ ಅವರ ಮುಖ ಬದಲಾಯಿತು. ಅಂಗಳದಲ್ಲಿ ಜನ ಕೂಡಿದರು. ಇಂಥ ಮನೆತನ ನಮ್ಮೂರಲ್ಲಿ ಎಂದೂ ಇರಲೇ ಇಲ್ಲ ಎಂದು ಒಬ್ಬ, ಹೋದವರ ಹೊಲ ಅನ್ನುವುದು ಸುಮ್ಮನೆ ರೂಢಿಯ ಹೆಸರು ಎಂದು ಇನ್ನೊಬ್ಬ. ಸಂಗಪ್ಪ ಮಾತ್ರ ನೇರ ಕೇಳಿದರು.

"ಹೊಲಾ ಕೇಳಾಕ ಬಂದೀರೇನು?"

ನಾನು ತಿರುಗಿಸಿ ಹೇಳುವ ಮೊದಲೇ ಭೀಮರಾಯರಿಗೆ ಅರ್ಥವಾಗಿತ್ತು, ದಾರಿಯಲ್ಲಿ ಕಿವಿಗೆ ಬಿದ್ದ ಕನ್ನಡವನ್ನೇ ಜೋಡಿಸಿದರು. "ಹೊಲಾ ಬ್ಯಾಡ. ಜ್ವಾಳಾ ಬೇಕು," ಎಂದರು.

"ಹಂಗಿದ್ರ ಬರದ ಕೊಡ್ರಿ."

ಬರೆಯುವವಳು ನಾನೇ. ಈ ಹೊಲದ ಮೇಲೆ ಭೀಮರಾಯರದೂ ಅವರ ಮಕ್ಕಳದೂ ಹಕ್ಕಿಲ್ಲ ಎಂದು ಬರೆದೆ. ಸಂಗಪ್ಪನವರಿಗೆ ಅದು ಸಾಲಲಿಲ್ಲ. ಈ ಊರಿನವನು ಎಂದಾದರೆ ಹಕ್ಕು ಇವತ್ತಲ್ಲ ನಾಳೆ ಹುಟ್ಟುತ್ತದೆ, ತನ್ನ ಹಿರಿಯರು ಈ ಊರಿನವರೇ ಅಲ್ಲ ಎಂದು ಬರೆಯಲಿ ಎಂದರು. ಗೌಡರು ಸಿಟ್ಟಾಗಿ ಎದ್ದು ನಿಂತರು. ಮಾವನವರು ಅವರ ಕೈ ಹಿಡಿದು ಕೂಡಿಸಿದರು. ಸಂಗಪ್ಪ ಕೆಟ್ಟವರಾಗಿರಲಿಲ್ಲ, ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನ ಚುಂಗು ಹಿಂಡುತ್ತಿದ್ದಳು, ಒಳಗೆ ನಾಲ್ಕು ಗಂಡುಮಕ್ಕಳ ಸಂಸಾರ ಆ ಹೊಲದ ಮೇಲೆ ನಿಂತಿತ್ತು. ಅವರು ಕೇಳಿದಂತೆ ಬರೆದೆ. ಏನು ಬರೆದಿದ್ದೀರಿ ಎಂದು ಭೀಮರಾಯರು ಕೇಳಿದರು. ಓದಿ ಮರಾಠಿ ಮಾಡಿದೆ: ನಾನು ಭೀಮರಾವ್, ನನ್ನ ಅಜ್ಜ ಮುತ್ತಜ್ಜ ಈ ಊರಿನವರಲ್ಲ, ಈ ಊರಿಗೂ ನಮಗೂ ಯಾವ ಸಂಬಂಧವೂ ಇಲ್ಲ.

ಅವರು ಹೊಲದ ಕಡೆ ನೋಡಿದರು. ಬನ್ನಿಮರ ಅಲ್ಲಿಗೆ ಕಾಣುತ್ತಿತ್ತು. ಹೀಗೆ ಬರೆದರೆ ಇವರು ನಮಗೆ ಜೋಳ ಕೊಡುತ್ತಾರೆಯೇ ಎಂದು ನನ್ನನ್ನು ಕೇಳಿದರು. ಕೊಡುತ್ತಾರೆ ಎಂದೆ. ಪೆನ್ನು ತೆಗೆದುಕೊಂಡು ಅಕ್ಷರ ಬಿಡಿಸಿ ರುಜು ಹಾಕಿದರು. ಭೀಮರಾವ್ ಬಾಗೇವಾಡಕರ. ಯಾವ ಸಂಬಂಧವೂ ಇಲ್ಲ ಎನ್ನುವ ಸಾಲಿನ ಕೆಳಗೆ ಆ ತಾಲೂಕಿನ ಹೆಸರೇ ಕೂತಿತ್ತು. ಆ ಮರಾಠಿ ಅಕ್ಷರ ಅಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ನಾನು ಹೇಳಲಿಲ್ಲ. ಸಂಗಪ್ಪ ಕಾಗದ ಮಡಚಿ ಒಳಗೆ ಹೋಗಿ ಪೆಟ್ಟಿಗೆಯಲ್ಲಿಟ್ಟು ಬಂದರು. ಬರುವಾಗ ಕೈಯಲ್ಲಿ ಬಿಸಿ ರೊಟ್ಟಿ ಇತ್ತು. ಉಣ್ಣದೆ ಹೋಗಬಾರದು ಎಂದರು. ನಾವು ಉಂಡೆವು. ಮರಳಿ ಬರುವಾಗ ಜೀಪಿನಲ್ಲಿ ಭೀಮರಾಯರು ಬನ್ನಿಮರ ಮರೆಯಾಗುವ ತನಕ ಹಿಂದಕ್ಕೇ ನೋಡುತ್ತಿದ್ದರು. ಅವರಿಗೆ ಏನೋ ಸಮಾಧಾನ ಹೇಳಬೇಕೆಂದು ನನಗೆ ಅನಿಸಿತು, ಆದರೆ ಹೇಳಲು ನನ್ನ ಒಳಗೆ ಏನೂ ಸಿಗಲಿಲ್ಲ.

ಮಾಘದಲ್ಲಿ ಜೋಳ ಕೊಯ್ದರು. ರಾಜ್ಯದ ಗಡಿ ದಾಟಿಸಲು ಪರವಾನಗಿ ಬೇಕಿತ್ತು. ಮಾವನವರು ಛತ್ರಿ ಹಿಡಿದು ಕಚೇರಿಯಿಂದ ಕಚೇರಿಗೆ ಮೂರು ವಾರ ತಿರುಗಿ ಅದನ್ನು ತಂದರು. ಮಗ ಹೋದ ಮೇಲೆ ಅವರು ಹುರುಪಿನಿಂದ ಮಾಡಿದ ಮೊದಲ ಕೆಲಸ ಅದು. ಹೋದವರ ಹೊಲದ ಜೋಳವೂ ಇಂಡಿಯ ನಿಂಬೆಯೂ ಒಂದೇ ಲಾರಿಯಲ್ಲಿ ಘಟ್ಟ ಇಳಿದವು, ಈ ಸಲ ಕೆಡದೆ ಮುಟ್ಟಿದವು. ಫಾಲ್ಗುಣದಲ್ಲಿ ಅದೇ ಲಾರಿ ತೆಂಗಿನಕಾಯಿ ತುಂಬಿಕೊಂಡು ಮರಳಿತು. ಆ ಸಂಬಂಧ ಮುಂದೆ ಎಂಟೊಂಬತ್ತು ವರ್ಷ ನಡೆಯಿತು. ಭೀಮರಾಯರು ತೀರಿದ ಮೇಲೆ ಅವರ ಮಕ್ಕಳು ಹತ್ತಿರದಲ್ಲೇ ಕಾಯಿ ಕೊಳ್ಳತೊಡಗಿದರು. ಜಗಳವೇನೂ ಆಗಲಿಲ್ಲ. ಕಾಗದ ತಡವಾಗಿ ಬರತೊಡಗಿದವು, ಆಮೇಲೆ ಬರಲಿಲ್ಲ. ಅದೆಲ್ಲ ಬಹಳ ಮುಂದಿನ ಮಾತು. ಆ ಫಾಲ್ಗುಣದ ಲಾರಿಯ ಹಿಂದೆ ಒಂದು ಮೋಟಾರು ಬಂತು. ಅದರಲ್ಲಿ ಭೀಮರಾಯರೂ ಅವರ ಸೋದರತ್ತೆ ತಾನೂಬಾಯಿಯೂ ಓಣಿಯ ಮೂವರು ಹೆಂಗಸರೂ ಇದ್ದರು.

ತಾನೂಬಾಯಿಗೆ ಎಪ್ಪತ್ತೈದು ದಾಟಿತ್ತು. ಬರದಲ್ಲಿ ಹೊರಟ ಆ ಹುಡುಗನ ಮಗಳು. ಚಿಕ್ಕಂದಿನಲ್ಲಿ ತಂದೆ ತಾಯಿ ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಈಗ ಆಕೆಗೆ ಏನೂ ನೆನಪಿಲ್ಲ ಎಂದು ಭೀಮರಾಯರು ನನಗೆ ಹೇಳಿದರು. ಕಾಗದ ಬರೆದು ಕೊಟ್ಟ ವಿಷಯ ಅವರಿಗೆ ತಿಳಿಸಿಲ್ಲ ಎಂದೂ ಹೇಳಿದರು. ಎಲ್ಲರೂ ಆ ಊರಿಗೆ ಹೋದೆವು. ಈ ಸಲ ಯಾರೂ ಅಂಜಲಿಲ್ಲ. ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಆದ್ದರಿಂದ ಸಂಗಪ್ಪ ಆ ಮುದುಕಿಯನ್ನು ಬಾಯಿತುಂಬ "ಅತ್ತಿ" ಎಂದು ಕರೆದು ಕೈಹಿಡಿದು ಮನೆಯೊಳಗೆ ಕರೆದೊಯ್ದರು. ತಾನೂಬಾಯಿ ಅಲ್ಲಿದ್ದಷ್ಟು ಹೊತ್ತೂ ಯಾರೊಡನೆಯೂ ಒಂದು ಮಾತೂ ಆಡಲಿಲ್ಲ. ಬನ್ನಿಮರದವರೆಗೆ ನಡೆದುಹೋಗಿ ಅಲ್ಲಿ ಸ್ವಲ್ಪ ನಿಂತು ಮರಳಿದರು.

ಮರುದಿನ ಮಧ್ಯಾಹ್ನ ಇಂಡಿಯ ಗೋದಾಮಿನಲ್ಲಿ ಗಂಡಸರು ಹೊರಗೆ ತೆಂಗಿನಕಾಯಿ ಇಳಿಸುತ್ತಿದ್ದರು. ಒಳಗೆ ಚೀಲಗಳ ಮೇಲೆ ಆ ನಾಲ್ವರು ಹೆಂಗಸರು ಮತ್ತು ನಾನು. ತಾನೂಬಾಯಿ ಮರಾಠಿಯಲ್ಲಿ, ನೀನು ಸ್ವಲ್ಪ ಕನ್ನಡದಲ್ಲಿ ಮಾತಾಡು, ಕೇಳಬೇಕು ಅನಿಸಿದೆ ಎಂದರು. ಏನು ಮಾತಾಡಲಿ ಎಂದೆ. ಏನಾದರೂ ಆದೀತು, ನಮಗೇನು ತಿಳಿಯುತ್ತದೆಯೇ, ದನಿ ಕೇಳಿದರೆ ಸಾಕು ಎಂದರು. ಉಳಿದ ಮೂವರೂ ನನ್ನ ಕಡೆ ತಿರುಗಿ ಕೂತರು.

ಬಾಯಿಂದ ಮಾತು ತಾನಾಗಿ ಬರತೊಡಗಿತು.

"ಅವತ್ತ ಜೀಪಿನ್ಯಾಗ ಅವರಿಗೆ ನೀರಡಿಕಿ ಆಗಿತ್ತು. ತಂಬಿಗಿ ನನ್ನ ತೊಡಿ ಮ್ಯಾಲೇ ಇತ್ತು. ಇಂಥಾ ಜ್ವರದಾಗ ನೀರ ಕೊಡಬಾರದು ಅಂತ ಹೊರಡೂ ಮುಂದ ಯಾರೋ ಅಂದಿದ್ರು. ಬಿಜಾಪುರ ಬಂತು, ಡಾಕ್ಟರಿಗೆ ಕೇಳಿ ಕೊಡ್ತೇನಿ ಅಂದೆ. ಮೂರು ಸಲ ಕೇಳಿದ್ರು. ಮೂರು ಸಲಾನೂ ಅದನ್ನ ಅಂದೆ. ನಾಕನೇ ಸಲ ಕೇಳಲಿಲ್ಲ. ನಿದ್ದಿ ಹತ್ತಿತು ಅಂತ ನಾ ಸುಮ್ಮನ ಕೂತೆ. ಬಿಜಾಪುರ ಮುಟ್ಟೂ ತನಕಾ ಹಂಗ ಕೂತಿದ್ದೆ."

ಓಣಿಯ ಹೆಂಗಸರು ಮೆಚ್ಚಿ ತಲೆದೂಗಿದರು. ಒಬ್ಬಳು ನಕ್ಕು, ಎಷ್ಟು ಜೋರಾಗಿ ಓಡುತ್ತದೆ ಇವರ ಮಾತು ಎಂದು ಇನ್ನೊಬ್ಬಳಿಗೆ ಹೇಳಿದಳು. ನನ್ನ ಕೈ ಚೀಲದ ಹೊಲಿಗೆಯ ದಾರವನ್ನು ಎಳೆಯುತ್ತಿತ್ತು. ಅದನ್ನು ನಾನು ಬೇರೆ ಯಾರದೋ ಕೈ ನೋಡಿದಂತೆ ನೋಡುತ್ತಿದ್ದೆ.

"ಎಷ್ಟ ವರ್ಷದಂವ ಇದ್ದ?"

ಅದು ಕನ್ನಡ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ತಾನೂಬಾಯಿ ಕೇಳಿದ್ದರು.

"ಇಪ್ಪತ್ತೊಂಬತ್ತರಿ," ಎಂದೆ.

ಪಕ್ಕದಲ್ಲಿದ್ದ ಹೆಂಗಸು, ಆಕೆ ಇಷ್ಟು ಹೊತ್ತು ಏನು ಹೇಳಿದಳು ಆತ್ಯಾ ಎಂದು ಮರಾಠಿಯಲ್ಲಿ ವಿಚಾರಿಸಿದಳು. ತಾನೂಬಾಯಿ ನನ್ನ ಕಡೆ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಏನಿಲ್ಲ, ತಮ್ಮ ಕಡೆಯ ಮಳೆ ಬೆಳೆ ಹೇಗಾಯಿತು ಎಂದು ಹೇಳುತ್ತಿದ್ದಾಳೆ ಅಂದರು.